ಲೀಡರ್ ಹಾಡಿನ ಪಟಪಟ

ಗಂಗಾವತಿಯಾಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾಂವ ನಾನು. ಎಂಥಾ ಕೆಟ್ಟ ಮಷಿನ್ ಬಂದ್ರೂ ನಿಭಾಯಿಸ್ತೀನಿ. ಶಾಣ್ಯಾ ಗಿರಾಕಿ ಬಂದ್ರ ಮಾತ್ರ ತಲಿ ಕೆಡ್ತೈತಿ. ನಮ್ಮ ಓಣ್ಯಾಗ ಹಾಡಿನ ಸ್ಟುಡಿಯೋ ಇಟ್ಟ ಮಾಸ್ತರ ಅಂಥಾ ಶಾಣ್ಯಾ.

ನೂರು ಪಿಟೀಲು

ಒಂದಿನ ಅವನ ಫೋನ್ ಬಂತು. "ಎಲೆಕ್ಷನ್ ಹಾಡು ಮಾಡೀನ್ರಿ. ಹಚ್ಚಿದ್ರ ನಡುನಡುವ ಪಟಪಟ ಅಂತೈತಿ. ನಾಳೆ ಲೀಡರ್ ಕೇಳಾಕ ಬರ್ತಾರ. ಒಪ್ಪಲಿಲ್ಲಂದ್ರ ಕುಷ್ಟಗಿ ಸ್ಟುಡಿಯೋಕ್ಕ ಹೋಗ್ತಾರ. ನನ್ನ ಸೀಸನ್ ಮುಗದಂಗ!"

ಹೋಗಿ ನೋಡಿದ್ರ, ಭಜನಿ ಧಾಟಿಯ ಹಾಡಿಗೆ ನೂರು ಪಿಟೀಲು ಹಚ್ಯಾನ! ಖರೇ ಪಿಟೀಲಲ್ಲ, ಒಂದೊಂದೇ ಸ್ವರ ರೆಕಾರ್ಡ್ ಮಾಡಿಟ್ಟ ಸ್ಯಾಂಪಲ್ ಲೈಬ್ರರಿ. ಅಷ್ಟೂ ಹೊರಾಕ ಆ ಮಷಿನ್ನಿಗೆ ರ‍್ಯಾಮ್ ಸಾಲಂಗಿಲ್ಲ.

"ಈ ಹಾಡಿಗೆ ಹಾರ್ಮೋನಿಯಂ, ದಮ್ಮಡಿ ಸಾಕಲ್ರಿ?"

"ಅವನ್ನ ಬಾರಿಸೋರು ಚಹಾ ಕೇಳ್ತಾರ್ರಿ. ಈ ಪಿಟೀಲು ಏನೂ ಕೇಳಂಗಿಲ್ಲ."

ಮಖಮಲ್ಲಿನ ಅಂಗಿ

ಪಿಟೀಲು ಕಡಿಮಿ ಮಾಡಿ, ಹೊಸಾ ರ‍್ಯಾಮ್ ಹಾಕಿ ಬಂದೆ. ಸಂಜೀಕ ಮತ್ತ ಫೋನ್: "ಮತ್ತ ಪಟಪಟ!"

ಹೋದೆ. ನಾ ಹೋದ ಮ್ಯಾಲ ಸಿಪಿಯುಗೆ ಜರಿ ಅಂಚಿನ ಕೆಂಪು ಮಖಮಲ್ಲಿನ ಹೊದಿಕಿ ಹಾಕಿದ್ದ. ಗಾಳಿ ಆಡೂ ತೂತೆಲ್ಲಾ ಮುಚ್ಚಿ, ಡಬ್ಬಿ ಕಾದ ಹಂಚಿನಂಗ ಆಗಿತ್ತು. ಮಷಿನ್ ಕಾದ್ರ ಕೆಲಸ ನಿಧಾನ ಮಾಡ್ತೈತಿ.

"ಈ ಬಿಸಿಲಾಗ ನೀವೊಂದು ಕಂಬಳಿ ಹೊತ್ಕೊಂಡು ಹಾಡ್ರಿ ನೋಡೂಣು!"

"ಹಂಗಲ್ರಿ, ಮಷಿನ್ನಿಗೆ ದೃಷ್ಟಿ ತಾಗಬಾರದಂತ ನಮ್ಮ ಮನಿಯಾಕಿ ಹೊಲದಾಳ."

"ನಿಮಗೇನೂ ಹೊಲದಿಲ್ಲೇನು?"

"ನನಗ್ಯಾಕ ಬೇಕ್ರಿ? ತಾಗಂಗಿಲ್ಲ ಅಂತಾಳ."

ಮುಖ ನೋಡಿದೆ. ಅವನ ಮನಿಯಾಕಿ ಹೇಳಿದ್ದು ಖರೇನ ಇತ್ತು.

ಬಫರ್

ಹೊದಿಕಿ ತಗದು, ಮಷಿನ್ನಿಗೆ ಉಸಿರಾಡಾಕ ಟೈಮ್ ಸಿಗಲಿ ಅಂತ, ಸಪ್ಪಳ ಹೊರಗ ಬಿಡೂ ಮುಂಚೆ ಚೂರು ಕೂಡಿಟ್ಕೊಳ್ಳೂ ಬಫರ್ ಹೆಚ್ಚು ಮಾಡಿದೆ. ಹಾಡು ನೀರು ಹರದಂಗ ಹರೀತು. ಮಾಸ್ತರ ಕೀಬೋರ್ಡ್ ಒತ್ತಿ ಮುಖ ಕಿವುಚಿದ.

"ನಾ ಒತ್ತಿದ್ದು ಈಗ, ಸಪ್ಪಳ ಬರೂದು ಆಮ್ಯಾಲ!"

"ರೆಕಾರ್ಡ್ ಮುಗದೈತಿ, ಇನ್ನ ಯಾಕ ಒತ್ತತೀರಿ?"

"ಲೀಡರ್ ಮುಂದ ಬಾರಿಸಿದಂಗ ಕಾಣಬೇಕಲ್ರಿ!"

ಶಾಲು

ಮರುದಿನ ಲೀಡರ್ ತಮ್ಮ ಮಂದಿ ಹಿಂಡು ಕಟ್ಕೊಂಡು ಬಂದ್ರು. ಏನರ ಕೆಟ್ಟೀತು ಅಂತ ಮಾಸ್ತರ ನನ್ನನ್ನೂ ಕೂಡಿಸ್ಕೊಂಡಿದ್ದ. ಹಾಡು ಸ್ವಚ್ಛ ಬಂತು, ಒಂದೂ ಪಟಪಟ ಇಲ್ಲ. ಲೀಡರ್ ಮುಖ ಮಾತ್ರ ಹುಣಸಿಕಾಯಿ ತಿಂದಂಗ ಆತು.

"ಪಟಾಕಿ ಎಲ್ಲಿ ಹೋದ್ವೋ ಮಾಸ್ತರ? ಮೊನ್ನೆ ಫೋನಿಗೆ ಕಳಿಸಿದ ಹಾಡಿನ್ಯಾಗ ನನ್ನ ಹೆಸರು ಬಂದಾಗೊಮ್ಮೆ ಪಟಾಕಿ ಹಾರ್ತಿದ್ವು. ಇದು ಬರೇ ಸಪ್ಪಗೈತಿ. ನಡೀರೋ, ಕುಷ್ಟಗಿಗೆ!"

ಅಯ್ಯೋ ಶಿವನೇ! ಹೆಸರು ಬಂದಲ್ಲೇ ನೂರೂ ಪಿಟೀಲು ಒಮ್ಮೆಲೇ ಎದ್ದು ಮಷಿನ್ ತಡವರಿಸ್ತಿತ್ತು. ಈ ಪುಣ್ಯಾತ್ಮ ಲೀಡರ್ ಅದನ್ನ ಪಟಾಕಿ ಅಂತ ತಿಳಕೊಂಡಿದ್ದ.

ಮಾಸ್ತರ ನನ್ನ ಕೈ ಗಟ್ಟಿ ಹಿಡದು ಪಿಸುಗುಟ್ಟಿದ: "ಅಣ್ಣಾರ, ನಿಮ್ಮ ಕಾಲು ಹಿಡೀತೀನಿ, ಕೆಡಿಸಿ ಕೊಡ್ರಿ! ಚಹಾ ಕೊಟ್ಟು ಲೀಡರನ್ನ ನಾ ತಡೀತೀನಿ."

ಹಾಕಿದ ರ‍್ಯಾಮ್ ಕಿತ್ತೆ. ಪಿಟೀಲೆಲ್ಲಾ ಮತ್ತ ತುಂಬಿದೆ. ಬಫರ್ ಇಳಿಸಿದೆ. ಹಾಡು ಹಚ್ಚಿದ್ರ, ಹೆಸರು ಬಂತು, ಪಟಪಟಪಟ! ಲೀಡರ್ ಕಣ್ಣಾಗ ನೀರು.

"ಈ ಪಟಾಕಿ ಬಾರಿಸಿದ ಕಲಾವಿದ ಯಾರ್ರಿ?"

ಮಾಸ್ತರ ನನ್ನ ಮುಂದಕ್ಕ ನೂಕಿದ. ಲೀಡರ್ ಮಂದಿ ಹಿಂದ ಶಾಲು ಯಾವಾಗ್ಲೂ ತಯಾರ ಇರ್ತಾವ. ಹೊದಿಸೇ ಬಿಟ್ರು, ಫೋಟೋನೂ ಆತು.

ಇಷ್ಟು ವರ್ಷ ಊರಿನ ಮಷಿನ್ ರಿಪೇರಿ ಮಾಡೀನಿ, ಒಬ್ಬರೂ ಒಂದು ಟವೆಲ್ ಸೈತ ಹೊದಿಸಿರಲಿಲ್ಲ. ಕೆಡಿಸಿದ್ದಕ್ಕ ಸನ್ಮಾನ ಆತು ನೋಡ್ರಿ!