ಮೆಟ್ಟಿಲಿಗೆ ಬೆಳಕು ಬಂದ ದಿನ

ಮೆಟ್ಟಿಲ ತಿರುವಿನ ಬಲ್ಬು ಕೆಟ್ಟು ತಿಂಗಳಾಗಿತ್ತು. ಕಟ್ಟಡದ ಸಭೆಗೆ ಚಕ್ಕರ್ ಹೊಡೆದ ತಪ್ಪಿಗೆ ಮೇಲ್ಮಹಡಿಯ ದರ್ಜಿಯನ್ನೇ ನೆರೆಯವರು ಕಾರ್ಯದರ್ಶಿ ಮಾಡಿದ್ದರು. ಅಂದು ಸಂಜೆ ವಿದ್ಯುತ್ ಸುರಕ್ಷತೆಯ ಇನ್ಸ್‌ಪೆಕ್ಟರ್ ಬರುವವರಿದ್ದರು. ನಾಳೆ ನಾಳೆ ಎನ್ನುತ್ತಿದ್ದ ದರ್ಜಿಗೆ ಬೆಳಗ್ಗೆಯೇ ಬಿಸಿ ಮುಟ್ಟಿತು. ಅವನ ಅತ್ತೆ ಕತ್ತಲಲ್ಲಿ ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡರು.

"ಒಂದು ಬಲ್ಬು ಹಾಕ್ಸೋಕೆ ನಾನು ಉರುಳ್ಬೇಕಾಯ್ತಾ ಅಳಿಯಂದ್ರೇ?"

ದರ್ಜಿ ಕೆಳಗಿನ ಮೇನ್ ಸ್ವಿಚ್ ಆಫ್ ಮಾಡಿ ಬಂದು ಸ್ಟೂಲು ಹತ್ತಿದ. ಫ್ಯಾನು ನಿಂತದ್ದಕ್ಕೆ ಸಿಡಿಮಿಡಿಗೊಂಡ ನಡುಮಹಡಿಯ ನಿವೃತ್ತ ಮೇಷ್ಟ್ರು ಕೆಳಗೆ ಹೋಗಿ ಆನ್ ಮಾಡಿದರು. ದರ್ಜಿ ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟ್ಟನೆ ಸಿಡಿದು ನೆಲಕ್ಕೆ ಬಿದ್ದ.

"ನಾನೇ ಆಫ್ ಮಾಡಿದ್ದೆ ಸಾರ್!"

"ಹೇಳ್ಬಾರ್ದೇನ್ರೀ? ಯಾರೋ ಮರ್ತಿದ್ದಾರೆ ಅಂದ್ಕೊಂಡೆ."

ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಲೇ ದರ್ಜಿ ಎಲೆಕ್ಟ್ರಿಷಿಯನ್ನನ್ನು ಕರೆತಂದ. ಅವನು ಮೀಟರ್ ಪೆಟ್ಟಿಗೆ ತೆರೆದು ಹಣೆ ಚಚ್ಚಿಕೊಂಡ.

"ಅಣ್ಣಾ, ಇದು ಲೈನಲ್ಲ, ಅವಿಭಕ್ತ ಕುಟುಂಬ! ಮೆಟ್ಟಿಲಿನ ವೈರಿಗೆ ಯಾರ್ದೋ ಫ್ರಿಜ್ಜು, ಯಾರ್ದೋ ಮೋಟ್ರು ನೇತಾಡ್ತಿದೆ. ಅರ್ತಿಂಗ್ ಅಂತೂ ಇಲ್ವೇ ಇಲ್ಲ. ಸುಲಿದ ವೈರು ಮೆಟ್ಟಿಲ ಕಂಬಿಗೆ ತಾಗೋಕೆ ಕೂದಲೆಳೆ ಬಾಕಿ. ನಿಮ್ಮ ಆಯುಸ್ಸು ಗಟ್ಟಿ."

ಮಗಳು ದಿನವೂ ಆ ಕಂಬಿಗೆ ಜೋತುಬಿದ್ದು ಆಡುವುದು ದರ್ಜಿಗೆ ನೆನಪಾಯಿತು.

"ಎಲ್ಲಾ ಕಿತ್ತು ಹೊಸದು ಹಾಕಪ್ಪಾ."

"ಫ್ರಿಜ್ಜಲ್ಲಿರೋ ಹಾಲು ಒಡೆದ್ರೆ ನೀವೇ ಹೊಣೆ!" ಎಂದರು ಎದುರುಮನೆಯ ನರ್ಸಮ್ಮ. ದರ್ಜಿ ಜಗ್ಗಲಿಲ್ಲ.

ಸಂಜೆಗೆಲ್ಲ ಹೊಸ ವೈರು, ಅರ್ತಿಂಗ್, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು, ಕರೆಂಟು ಹೋದಾಗ ಉರಿಯುವ ಬ್ಯಾಟರಿ ದೀಪಗಳು ಬಂದವು. ಪ್ರತಿ ಮಹಡಿಯಿಂದಲೂ ದೀಪ ಹಾಕಬಹುದಿತ್ತು, ಆರಿಸಬಹುದಿತ್ತು. ಇನ್ಸ್‌ಪೆಕ್ಟರ್ ಬಂದು ಮೇನ್ ಇಳಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಯಾಟರಿ ದೀಪಗಳು ಹತ್ತಿಕೊಂಡವು.

"ಭೇಷ್! ಸೂಜಿ ಬಿದ್ರೂ ಹೆಕ್ಕಬಹುದು."

ಸೂಜಿಯ ಮಾತಿಗೆ ದರ್ಜಿಯ ಎದೆ ಉಬ್ಬಿತು. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ತಿರುವಿನಲ್ಲಿ ನಿಂತು ಕತ್ತೆತ್ತಿದರು. ತಲೆಯ ಮೇಲಿನ ಮೆಟ್ಟಿಲುಗಳ ಅಡಿಯಲ್ಲಿ, ಗೋಡೆಯಿಂದ ಗೋಡೆಗೆ, ಒಂದು ಬಿರುಕು. ಬೆರಳು ತಾಗಿಸಿದರೆ ಹಿಡಿ ಗಾರೆ ಉದುರಿತು. ಒಳಗೆ ತುಕ್ಕು ತಿಂದ ಸರಳುಗಳು.

"ಇದು ಇಷ್ಟು ದಿನ ಯಾರಿಗೂ ಕಾಣ್ಲಿಲ್ವಾ?"

"ಕತ್ತಲಿತ್ತು ಸಾರ್..."

"ಎಲ್ಲರೂ ಈಗಲೇ ಗೋಡೆ ಹಿಡಿದು ಒಬ್ಬೊಬ್ಬರಾಗಿ ಇಳೀರಿ. ರಿಪೇರಿ ಆಗೋವರೆಗೂ ಮೆಟ್ಟಿಲು ಬಂದ್."

ದಿಂಬು ಅವುಚಿಕೊಂಡು ಇಳಿಯುತ್ತಿದ್ದ ಮೇಷ್ಟ್ರು ಕೂಗಿದರು. "ಬಲ್ಬು ಹಾಕ್ರೀ ಅಂದ್ರೆ ಮನೇನೇ ಬಿಡಿಸಿದ್ರಲ್ರೀ!"

ದರ್ಜಿ ಕತ್ತೆತ್ತಿ ಬಿರುಕನ್ನು ನೋಡಿದ. ಆ ಬಿರುಕಿನ ಮೇಲೆ ಮಗಳನ್ನು ಹೆಗಲಲ್ಲಿ ಕೂರಿಸಿಕೊಂಡು ಅವನೆಷ್ಟು ಸಲ ಹಾಡುತ್ತ ಹತ್ತಿದ್ದನೋ!

ಆ ರಾತ್ರಿ ಸಂಸಾರವೆಲ್ಲ ಅವನ ಹೊಲಿಗೆ ಅಂಗಡಿ ಸೇರಿತು. ಬಟ್ಟೆ ಕತ್ತರಿಸುವ ಮೇಜು ಅತ್ತೆಯ ಪಾಲಾಯಿತು.

"ನಿಮಗೇ ಮಲಗೋಕೆ ಜಾಗ ಇಲ್ವಲ್ರೀ," ಎಂದಳು ಹೆಂಡತಿ.

"ಎಲ್ಲರೂ ಇದ್ದೀವಲ್ಲ, ಬಿಡು," ಎಂದು ದರ್ಜಿ ತೂಕಡಿಸುತ್ತಿದ್ದ ಮಗಳನ್ನು ಮಡಿಲಿಗೆ ಎಳೆದುಕೊಂಡ.