ಹಕ್ಕಿಗಳ ಮುಷ್ಕರ

ಗಡಿಯಾರ ರಿಪೇರಿಯವರಿಗೆ ಆ ವರ್ಷ ಹಕ್ಕಿಗಳ ಮೇಲೆ ವಿಪರೀತ ಸಿಟ್ಟು. ಬರದೇ ಇನ್ನೇನು? ಮೂವತ್ತು ವರ್ಷ ಮನೆಯ ಕಿಟಕಿ ಪಕ್ಕದ ಮೇಜಿಗೆ ಬಾಗಿ, ಕಣ್ಣನ್ನು ಗಡಿಯಾರಕ್ಕೂ ಕಿವಿಯನ್ನು ಹಕ್ಕಿಗೂ ಕೊಟ್ಟು ಬಾಳಿದ ಮಹಾನುಭಾವರು ಅವರು. ತಲೆ ಎತ್ತದೆಯೇ, “ಸೂರಕ್ಕಿ ಬಂತು, ಜೋಡೀನೂ ಬಂದಿದೆ” ಎಂದುಬಿಡುತ್ತಿದ್ದರು. (ಸ್ವಂತ ಜೋಡಿ ಬಂದು ಕಾಫಿ ಇಟ್ಟುಹೋದದ್ದು ಮಾತ್ರ ಅದು ತಣ್ಣಗಾದ ಮೇಲೇ ಗೊತ್ತಾಗುತ್ತಿತ್ತು.)

ಈಗ ಸೂರಕ್ಕಿಯ ಸದ್ದಿಲ್ಲ, ಗುಬ್ಬಿಯ ಸುಳಿವಿಲ್ಲ.

“ಪಕ್ಕದ ಮನೆಯೋನು ಬೇಲಿ ಕತ್ತರಿಸಿದ್ದೇ ತಡ, ಹಕ್ಕಿ ಸಂತಾನವೇ ಹಾಳಾಯ್ತು ನೋಡೇ!”

“ಪಾಪ, ಎರಡು ಕೊಂಬೆ ಕತ್ತರಿಸಿದಾರೆ ಕಣ್ರೀ.”

“ಎರಡೇ? ಕಾಗೆ ಮಾತ್ರ ಉಳ್ಕೊಂಡಿದೆ. ಗಂಟಲು ದೊಡ್ಡದಿದ್ದೋರಿಗೇ ಕಾಲ!”

ಹೆಂಡತಿ ಅವರನ್ನೊಮ್ಮೆ ನೋಡಿ, ಲೋಟ ತೊಳೆಯಲು ಹೋದರು.

ಕೊನೆಗೊಂದು ಬೆಳಿಗ್ಗೆ, “ಪಕ್ಷಿಕುಲ ಸಂಹಾರಕರಾದ ತಮಗೆ” ಎಂದು ಶುರುವಾಗುವ ಮೂರು ಪುಟದ ಪತ್ರ ಹಿಡಿದು ಅವರು ಪಕ್ಕದ ಮನೆಗೆ ದಂಡೆತ್ತಿ ಹೋದರು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾತ ಪತ್ರ ಓದಿ ಕಕ್ಕಾಬಿಕ್ಕಿಯಾದ.

“ಏನ್ ಸ್ವಾಮಿ ಹೀಗಂತೀರಾ? ನಾನೇ ದೂರು ಕೊಡ್ಬೇಕು. ಬೆಳಗಾದ್ರೆ ಇದರ ಕಿರಿಚಾಟ, ನಿದ್ದೇನೇ ಇಲ್ಲ. ಅಲ್ಲಿ ನೋಡಿ!”

ಬಟ್ಟೆ ತಂತಿಯಿಂದ ಒಂದು ಗೂಡು ಜೋತಾಡುತ್ತಿತ್ತು. ಪಕ್ಕದಲ್ಲೇ, ಕೈಯಳತೆಯ ದೂರದಲ್ಲಿ, ಸೂರಕ್ಕಿ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಪುಟ್ಟ ಗಂಟಲು ಅದುರುತ್ತಿತ್ತು. ರಿಪೇರಿಯವರಿಗೆ ಏನೂ ಕೇಳಿಸಲಿಲ್ಲ.

ಅವರು ಪತ್ರ ಮಡಿಸಿ ಜೇಬಿಗಿಟ್ಟುಕೊಂಡು ಮನೆಗೆ ಬಂದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

“ನಿನಗೆ ಯಾವಾಗಿಂದ ಗೊತ್ತು?”

“ಹೋದ ವರ್ಷದಿಂದ. ಮಾತು ಕೇಳಿಸ್ತಿತ್ತು, ಸಣ್ಣ ಕೀಚು ದನಿ ಮಾತ್ರ ಕಿವಿಗೆ ಬೀಳ್ತಿರಲಿಲ್ಲ.”

“ಹೇಳಬಾರದಿತ್ತೇನೇ?”

“ಬೇಲಿ ಕತ್ತರಿಸಿದೋರನ್ನ ಬೈಕೊಂಡು ಹುಷಾರಾಗಿದ್ರಲ್ಲ. ಅಳೋದಕ್ಕಿಂತ ಬೈಯೋದೇ ವಾಸಿ ಅನ್ನಿಸ್ತು ಕಣ್ರೀ.”

ಅವರಿಗೆ ಅಳು ಬಂದೇ ಬಂತು. ಇನ್ನೆಂದೂ ಆ ದನಿ ಕೇಳುವುದಿಲ್ಲವಲ್ಲ ಎಂದು ಮಗುವಿನ ಹಾಗೆ ಅತ್ತರು. ಹೆಂಡತಿ ಬೆನ್ನು ಸವರುತ್ತಾ ನಿಂತರು.

ಮರುದಿನ ಸೂರಕ್ಕಿ ತಾನಾಗಿಯೇ ಕಿಟಕಿಗೆ ಬಂತು. ಹೆಂಡತಿ ಕಾಫಿ ಇಟ್ಟು, ಈ ಸಲ ಹೋಗದೆ, ಎದುರಿಗೇ ಕೂತರು.

“ಏನಂತಿದೆಯೇ ಅದು?” ಎಂದರು ರಿಪೇರಿಯವರು.

“ನಿಮ್ಮನ್ನ ಬೈತಿದೆ. ಮೂವತ್ತು ವರ್ಷದಿಂದ ಪಕ್ಕದಲ್ಲೇ ಇದ್ದೀನಿ, ಒಂದಿನಾದ್ರೂ ತಲೆಯೆತ್ತಿ ನನ್ನ ಮುಖ ನೋಡಿದ್ಯೇನೋ, ಅಂತ.”

“ಏಕವಚನದಲ್ಲಿ?”

“ಹಕ್ಕಿ ಅಲ್ವಾ, ಅದಕ್ಕೇನು ಗೊತ್ತಾಗತ್ತೆ.”

ರಿಪೇರಿಯವರು ತಲೆಯೆತ್ತಿದರು. ಕಿಟಕಿಯ ಕಡೆ ನೋಡಲಿಲ್ಲ, ಹೆಂಡತಿಯ ಮುಖ ನೋಡಿದರು. ನೋಡುತ್ತಲೇ ಇದ್ದರು. ಕಾಫಿ ಆ ದಿನವೂ ತಣ್ಣಗಾಯಿತು.