ಮೇಷ್ಟ್ರು ಗುಡ್ಡ ಜಾರಿಸಿದ್ದು

ಮನೆ ಮಾರುವ ಸುದ್ದಿಯನ್ನು ಆ ಮನೆಯಲ್ಲಿ ಇರುವವರಿಗೆ ಎಲ್ಲರಿಗಿಂತ ಕೊನೆಗೆ ತಿಳಿಸುವುದು ಮಾಲೀಕರ ಲೋಕದ ಶಿಷ್ಟಾಚಾರ. ಭೂಗೋಳದ ಮೇಷ್ಟ್ರಿಗೆ ತಾವು ಬಾಡಿಗೆಗಿದ್ದ ಮನೆ ಮಾರಾಟಕ್ಕಿದೆ ಎಂದು ಗೊತ್ತಾದದ್ದು, ಬೆಳಿಗ್ಗೆ ಹಲ್ಲುಜ್ಜುತ್ತ ಗೇಟಿನ ಬಳಿ ಬಂದಾಗ, ಅಲ್ಲಿ ನೇತಾಡುತ್ತಿದ್ದ ಬೋರ್ಡಿನಿಂದ. 'ಹಸಿರಿನ ಮಡಿಲು, ಮೋಡಗಳ ನೆರೆಹೊರೆ, ಸ್ವರ್ಗಕ್ಕೆ ಕೆಲವೇ ಮೆಟ್ಟಿಲು' ಎಂದು ದಲ್ಲಾಳಿ ಬರೆಸಿದ್ದ. ಸುಳ್ಳೇನಲ್ಲ. ಹಸಿರು ಬಚ್ಚಲುಮನೆಯ ಗೋಡೆಯ ಮೇಲೇ ಇತ್ತು. ಮೋಡಗಳು ವರ್ಷದಲ್ಲಿ ಅರ್ಧ ಭಾಗ ಬಟ್ಟೆ ಒಣಗಲು ಬಿಡುತ್ತಿರಲಿಲ್ಲ. ಬಸ್ಸಿಳಿದು, ಕೈಚೀಲ ಹೊತ್ತು, ಆ ಮೆಟ್ಟಿಲುಗಳನ್ನು ಹತ್ತಿ ಬಂದ ಯಾರಿಗಾದರೂ ಸ್ವರ್ಗ ಇನ್ನೇನು ಬಂತು ಎಂದೇ ಅನ್ನಿಸುತ್ತಿತ್ತು.

ಆದರೂ ಮೇಷ್ಟ್ರಿಗೆ ಆ ಮನೆಯೆಂದರೆ ಪ್ರಾಣ. ಅದಕ್ಕೆ ಮೊದಲು ಗಂಡಹೆಂಡಿರು ಇದ್ದದ್ದು ಕೆಳಗಿನ ಪೇಟೆಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ಹೆಂಡತಿಗೆ ಹತ್ತಿದ ಕೆಮ್ಮು ಯಾವ ಡಾಕ್ಟರಿಗೂ ಜಗ್ಗಿರಲಿಲ್ಲ. ಗುಡ್ಡದ ಮೇಲಿನ ಈ ಮರಗಳ ನಡುವೆ ಬಂದ ಮೇಲೆ ಅದು ಹೇಳದೆ ಕೇಳದೆ ಹೊರಟುಹೋಗಿತ್ತು. ಈ ಮನೆ ಬಿಟ್ಟರೆ ಅವರ ಸಂಬಳಕ್ಕೆ ಗುಡ್ಡದ ಮೇಲೆ ಗೂಡೂ ಸಿಗುವುದಿಲ್ಲ. ಮತ್ತೆ ಗಿರಣಿ, ಮತ್ತೆ ಕೆಮ್ಮು. ಮೇಷ್ಟ್ರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಿರ್ಧರಿಸಿದರು: ಈ ಮನೆ ಮಾರಾಟವಾಗಕೂಡದು.

"ಏನು ಮಾಡ್ತೀರಿ, ಕೊಳ್ಳೋಕೆ ಬಂದೋರನ್ನ ಹೊಡೆದು ಓಡಿಸ್ತೀರಾ?" ಎಂದಳು ಹೆಂಡತಿ.

"ಹೊಡೆಯೋದ್ಯಾಕೆ? ಮನೆಯಲ್ಲಿರೋ ಕುಂದುಕೊರತೆ ಹೇಳಿದ್ರೆ ಸಾಕು. ಪರೀಕ್ಷೆ ಮುಗಿದು ರಜೆ ಬಿಟ್ಟಿದೆ, ನಂಗೇನು ಬೇರೆ ಕೆಲಸ?"

ಮೊದಲು ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ದಲ್ಲಾಳಿ ಮೆಟ್ಟಿಲು ಹತ್ತಿ ಬಂದ ಆಯಾಸಕ್ಕೆ ಗೇಟಿನಲ್ಲೇ ಕುಸಿದು ಕೂತ. ಮೇಷ್ಟ್ರು ಅವರನ್ನು ಒಳಗೆ ಕರೆದು, ಮೆಲುದನಿಯಲ್ಲಿ ಸತ್ಯ ಹೇಳತೊಡಗಿದರು.

"ಹಾವು ಬರ್ತವೆ. ಹೋದ ತಿಂಗಳು ಚಪ್ಪಲಿ ಗೂಡಲ್ಲೇ ಇತ್ತು."

"ಅಯ್ಯೋ, ನಾವು ಹಾವನ್ನ ಮೃಗಾಲಯದಲ್ಲಿ ಬಿಟ್ರೆ ಎಲ್ಲೂ ನೋಡಿಲ್ಲ ಸಾರ್," ಎಂದಳು ಹುಡುಗಿ, ಕಣ್ಣರಳಿಸಿ.

"ಕೋತಿಗಳ ಕಾಟ. ಅಡುಗೆಮನೆಗೇ ನುಗ್ತವೆ."

"ದಿನಾ ಬರ್ತವಾ?" ಎಂದ ಗಂಡ, ಆಗಲೇ ಫೋಟೊ ತೆಗೆಯುತ್ತ.

"ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿರಲ್ಲ."

"ಕೇಳಿದೆಯಾ? ಮೇಣದಬತ್ತಿ ಬೆಳಕಲ್ಲಿ ಊಟ," ಎಂದು ಇಬ್ಬರೂ ಕೈ ಹಿಡಿದುಕೊಂಡರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮಾಡಿದವನು ಇವರನ್ನು ನೋಡಿದ್ದರೆ, ಹತ್ತಿರದ್ದೂ ನುಣ್ಣಗೆ ಎಂದು ತಿದ್ದುತ್ತಿದ್ದ. ನಾಳೆ ಅಪ್ಪನನ್ನು ಕರೆತಂದು ಮಾತು ಮುಗಿಸುತ್ತೇವೆ ಎಂದು ಹೇಳಿ ಅವರು ಹೊರಟರು. ಮೇಷ್ಟ್ರು ಮಂಕಾಗಿ ಕಟ್ಟೆಯ ಮೇಲೆ ಕೂತರು.

ಗುಡ್ಡದ ಬೀದಿಯಲ್ಲಿ ಒಬ್ಬರು ಮಂಕಾಗಿ ಕೂತರೆ ಅದು ಬೀದಿಯ ಆಸ್ತಿ. ಎಡಗಡೆ ಮನೆಯ ರೇಡಿಯೋ ಅಕ್ಕ ಬೇಲಿಯ ಮೇಲಿಂದ ತಲೆ ಹಾಕಿದರು. ಯಾರ ಮನೆಯ ಸಾರಿಗೆ ಉಪ್ಪು ಜಾಸ್ತಿಯಾದರೂ ಸಾಯಂಕಾಲದೊಳಗೆ ಊರಿಗೆಲ್ಲ ಪ್ರಸಾರ ಮಾಡುತ್ತಿದ್ದುದರಿಂದ ಆಕೆಗೆ ಆ ಹೆಸರು. ಬಲಗಡೆ ಮನೆಯ ನಿವೃತ್ತ ಹಲ್ಲಿನ ಡಾಕ್ಟರೂ ಬಂದರು. ಅವರು ನಿವೃತ್ತರಾದದ್ದು ಆಸ್ಪತ್ರೆಯಿಂದ ಮಾತ್ರ. ಎದುರಿಗೆ ನಿಂತವರ ಬಾಯಿಯನ್ನೇ ನೋಡುತ್ತ ಮಾತಾಡುವ ಚಾಳಿ ಹಾಗೇ ಉಳಿದಿತ್ತು.

"ಕಾಡಿನ ಕಷ್ಟ ಹೇಳಿದ್ರೆ ಪೇಟೆಯವರು ಹೆದರಲ್ಲ ಕಣಪ್ಪ," ಎಂದರು ರೇಡಿಯೋ ಅಕ್ಕ. "ಗುಡ್ಡ ಜಾರ್ತಾ ಇದೆ ಅನ್ನು. ದುಡ್ಡು ಹಾಕೋನು ಅದಕ್ಕೊಂದಕ್ಕೇ ಹೆದರೋದು."

"ಬಾಯಲ್ಲಿ ಹೇಳಿದ್ರೆ ಸಾಲದು, ಕಣ್ಣಿಗೆ ಕಾಣಬೇಕು," ಎಂದರು ಡಾಕ್ಟರು. ಮನೆಗೆ ಹೋಗಿ, ಹಲ್ಲು ಕೊರೆಯುವ ತಮ್ಮ ಹಳೆಯ ಯಂತ್ರವನ್ನು ಉದ್ದದ ವಯರಿನ ಸಮೇತ ಹೊತ್ತು ತಂದರು. ಎಷ್ಟೋ ವರ್ಷದಿಂದ ಕೈ ತುರಿಸುತ್ತಿತ್ತೆಂದು ಕಾಣುತ್ತದೆ. ಕಾಂಪೌಂಡ್ ಗೋಡೆಗೆ ಅದನ್ನು ಹಿಡಿದು, "ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ," ಎಂದು ಅಭ್ಯಾಸಬಲದಿಂದ ಗೋಡೆಗೇ ಧೈರ್ಯ ಹೇಳಿದರು. ಮೇಲಿನಿಂದ ಕೆಳಗಿನವರೆಗೆ ಎಂಥ ಸೊಗಸಾದ ಬಿರುಕು ಮೂಡಿತೆಂದರೆ, ಗೋಡೆ ಕಟ್ಟಿದ ಮೇಸ್ತ್ರಿ ಬಂದು ನೋಡಿದ್ದರೂ ತನ್ನದೇ ಕೆಲಸ ಎಂದು ತಲೆ ತಗ್ಗಿಸಬೇಕಿತ್ತು. ಬರುವ ಗಿರಾಕಿ ಗೋಡೆಯೊಂದನ್ನೇ ನೋಡಿಯಾನೇ ಎಂದು ಮಲಗುವ ಕೋಣೆಯಲ್ಲೂ ಒಂದು ಎಳೆದರು. ರೇಡಿಯೋ ಅಕ್ಕ ತಮ್ಮ ಪಾಲಿಗೆ ಗೇಟಿನ ಕೀಲು ಕಳಚಿ ಅದನ್ನು ಓರೆಯಾಗಿ ನಿಲ್ಲಿಸಿದರು.

"ಸುಳ್ಳಿಗೂ ಒಂದು ಅಳತೆ ಇರ್ಬೇಕು," ಎಂದಳು ಹೆಂಡತಿ, ಹಾಸಿಗೆಯ ಮೇಲೆ ಬಿದ್ದ ಸುಣ್ಣದ ಪುಡಿ ಗುಡಿಸುತ್ತ.

"ನಿನ್ನ ಕೆಮ್ಮಿಗೋಸ್ಕರ ಕಣೇ," ಎಂದರು ಮೇಷ್ಟ್ರು. ಆಕೆ ಗುಡಿಸಿದ ಪುಡಿಯನ್ನು ತಾನೇ ಹೊರಗೆ ಚೆಲ್ಲಿ ಬಂದಳು.

ಎರಡನೆಯ ಗಿರಾಕಿ ಪೀಠೋಪಕರಣದ ಅಂಗಡಿಯ ಯಜಮಾನ, ಗಟ್ಟಿ ಆಸಾಮಿ. ಬಿರುಕಿನ ಮುಂದೆ ನಿಂತ. ಓರೆ ಗೇಟು ನೋಡಿದ. ಮೇಷ್ಟ್ರು ನೆಲದ ಮೇಲೊಂದು ಗೋಲಿ ಬಿಟ್ಟರು. ನೆಲ ಕಟ್ಟಿದವನ ಕೃಪೆಯಿಂದ ಅದು ಮೊದಲಿನಿಂದಲೂ ಉರುಳುತ್ತಲೇ ಇತ್ತು. ಯಜಮಾನ ಗೋಲಿಯನ್ನು ಬಾಗಿಲತನಕ ಕಣ್ಣಲ್ಲೇ ಹಿಂಬಾಲಿಸಿ, ಆಮೇಲೆ ಕಾಲಲ್ಲೂ ಹಿಂಬಾಲಿಸಿ, ಹಾಗೇ ಮೆಟ್ಟಿಲಿಳಿದು ಹೋದ. ಹಿಂದೆಯೇ ದಲ್ಲಾಳಿಯೂ ಬೆವರು ಒರೆಸಿಕೊಳ್ಳುತ್ತ ಓಡಿದ. ದಾರಿಯಿಂದಲೇ ಅವನು ಹೊಸ ಜೋಡಿಗೆ ಫೋನು ಮಾಡಿ ವಿಷಯ ತಿಳಿಸಿದ್ದನ್ನು ರೇಡಿಯೋ ಅಕ್ಕ ಬೇಲಿಯಾಚೆಯಿಂದಲೇ ಕೇಳಿಸಿಕೊಂಡು ಬಂದು ವರದಿ ಮಾಡಿದರು. ಹುಡುಗಿಯ ಅಪ್ಪ, ಹಾವು ಇದ್ದರೆ ಇರಲಿ, ಗುಡ್ಡ ಜಾರುವ ಕಡೆ ಮಗಳನ್ನು ಇರಿಸುವುದಿಲ್ಲ ಎಂದನಂತೆ.

ಮಧ್ಯಾಹ್ನದ ಊಟವನ್ನು ಮೂರು ಮನೆಯವರೂ ಒಟ್ಟಿಗೆ ಮಾಡಿದರು. ಗೆದ್ದವರ ಹಸಿವು ದೊಡ್ಡದು.

ಕೈ ತೊಳೆಯುವಷ್ಟರಲ್ಲಿ ಇನ್ನೊಬ್ಬ ಬಂದ. ತೆಳ್ಳನೆ ಮನುಷ್ಯ, ಕಾಲಿಗೆ ದಪ್ಪ ಬೂಟು, ಹೆಗಲಿಗೊಂದು ಚೀಲ. ಜೊತೆಗೆ ದಲ್ಲಾಳಿ ಇರಲಿಲ್ಲ.

"ನಮಸ್ಕಾರ. ನಾನು ಇಲ್ಲಿ..." ಎಂದು ಅವನು ಶುರುಮಾಡಿದ.

"ಗೊತ್ತು, ಗೊತ್ತು. ಮನೆ ನೋಡೋಕೆ ತಾನೇ?" ಎಂದರು ಮೇಷ್ಟ್ರು.

"ಹೌದು, ಮನೆ ನೋಡೋಕೇ."

"ಬನ್ನಿ ಹಾಗಾದ್ರೆ. ಮುಚ್ಚುಮರೆ ನಮ್ಮಲ್ಲಿಲ್ಲ."

ಇವನು ಒಳ್ಳೆಯ ಕೇಳುಗ. ನಡುವೆ ಬಾಯಿ ಹಾಕುವುದಿಲ್ಲ, ಆಕಳಿಸುವುದಿಲ್ಲ. ಜೀವಮಾನವಿಡೀ ಆಕಳಿಸುವ ಮಕ್ಕಳಿಗೇ ಪಾಠ ಮಾಡಿದ ಮೇಷ್ಟ್ರಿಗೆ ಅಂಥವನು ಸಿಕ್ಕಿದ್ದು ಹಸಿದವನ ಮುಂದೆ ಎಲೆ ಹಾಕಿದಂತಾಯಿತು. ಮೇಲಿನ ಪದರದ ಕೆಂಪು ಮಣ್ಣು, ಅದರಡಿಯ ಜೇಡಿ, ಜೇಡಿಗೂ ಬಂಡೆಗೂ ನಡುವೆ ಇಳಿಯುವ ನೀರು, ಆ ನೀರಿನ ಮೇಲೆ ಗುಡ್ಡಕ್ಕೆ ಗುಡ್ಡವೇ ಸಾಬೂನಿನ ಹಾಗೆ ಜಾರುವ ಬಗೆ, ಎಲ್ಲವನ್ನೂ ಅಂಗಳದಲ್ಲಿ ಕಡ್ಡಿಯಿಂದ ಚಿತ್ರ ಬರೆದು ವಿವರಿಸಿದರು. ಆ ಮನುಷ್ಯ ಬಿರುಕಿಗೆ ಟೇಪು ಹಿಡಿದ.

"ಹೊಸ ಬಿರುಕು," ಎಂದ.

"ಬೆಳಿಗ್ಗೆಯಿಂದ ಈಚೆಗೆ ಬಂದಿದ್ದು," ಎಂದರು ಮೇಷ್ಟ್ರು. ಅದು ಸತ್ಯವೇ ಆಗಿತ್ತು.

"ನಿಮ್ಮ ಮನೆ ಒಂದೇನಾ?"

ಪಕ್ಕದ ಮನೆಯವರಿಗೆ ಬಂದ ಸಂಕಟ ತಮಗೆ ಬರಲಿಲ್ಲವೆಂದರೆ ಯಾರು ತಾನೇ ಸಹಿಸುತ್ತಾರೆ? "ನಮ್ಮ ಮನೇಲಿ ಬಾಗಿಲು ಹಾಕಿದ್ರೆ ತೆಗೆಯೋಕೆ ಬರಲ್ಲ, ತೆಗೆದ್ರೆ ಹಾಕೋಕೆ ಬರಲ್ಲ," ಎಂದರು ರೇಡಿಯೋ ಅಕ್ಕ. "ರಾತ್ರಿ ಹೊತ್ತು ನೆಲದೊಳಗಿಂದ ಗೊರಗೊರ ಸದ್ದು ಬರುತ್ತೆ," ಎಂದರು ಡಾಕ್ಟರು. ಅದು ಅವರದೇ ಗೊರಕೆ ಎಂದು ಅವರ ಹೆಂಡತಿ ಬದುಕಿದ್ದ ತನಕ ಹೇಳುತ್ತಿದ್ದರು. ಮೇಷ್ಟ್ರು ಬೀದಿಯ ಉಳಿದ ಮನೆಗಳನ್ನೂ ಕೈಬಿಡಲಿಲ್ಲ. ಇಡೀ ಬೀದಿ ಒಂದೇ ಪದರದ ಮೇಲೆ ಕೂತಿದೆ, ಜಾರಿದರೆ ಒಟ್ಟಿಗೇ ಎಂದು ಪಾಠ ಮುಗಿಸಿದರು.

ಆ ಮನುಷ್ಯನ ಮುಖದ ಮೇಲೆ ನಿಜವಾದ ಗೌರವ ಕಾಣಿಸಿತು. "ಇಷ್ಟು ಪ್ರಾಮಾಣಿಕವಾಗಿ ಯಾರೂ ಹೇಳಲ್ಲ ಸಾರ್. ತುಂಬ ಉಪಕಾರ ಆಯ್ತು," ಎಂದು ಕೈಮುಗಿದು ಇಳಿದುಹೋದ.

"ಇನ್ನು ಈ ಗುಡ್ಡ ತಿರುಗಿ ನೋಡಲ್ಲ ಅವನು," ಎಂದರು ಡಾಕ್ಟರು.

ಸಂಜೆಯ ಹೊತ್ತಿಗೆ ಅವನು ತಿರುಗಿ ಬಂದ. ಜೊತೆಗೆ ಪುರಸಭೆಯ ನಾಲ್ಕಾರು ಜನ, ಹಗ್ಗದ ಸುರುಳಿ, ಕೆಂಪು ಬಣ್ಣದ ಡಬ್ಬ. ಒಬ್ಬ ಬಂದವನೇ ಮೇಷ್ಟ್ರ ಗೇಟಿನ ಮೇಲೆ ದೊಡ್ಡದಾಗಿ ಕೆಂಪು ಗುಣಾಕಾರದ ಗುರುತು ಹಾಕಿದ. ಆಮೇಲೆ ಡಾಕ್ಟರ ಗೇಟಿಗೆ. ಆಮೇಲೆ ರೇಡಿಯೋ ಅಕ್ಕನ ಗೇಟಿಗೆ.

"ನಾನು ಪುರಸಭೆಯ ಎಂಜಿನಿಯರು," ಎಂದ ತೆಳ್ಳನೆ ಮನುಷ್ಯ. "ಮಳೆಗೆ ಮುಂಚೆ ಇಳಿಜಾರಿನ ಮನೆಗಳನ್ನ ನೋಡಿ ಬರೋಕೆ ಹೇಳಿದ್ರು. ಕತ್ತಲಾಗೋದ್ರೊಳಗೆ ಇಡೀ ಬೀದಿ ಖಾಲಿ ಆಗ್ಬೇಕು. ಬೇಗ ಹೊರಡಿ."

ಮೇಷ್ಟ್ರು ಅವನಿಗೆ ಅಡ್ಡ ಬಂದು ನಿಂತರು. "ಸಾರ್, ನಾನು ಹೇಳಿದ್ದೆಲ್ಲ ಸುಳ್ಳು."

"ಮಣ್ಣಿನ ಪದರದ ಸಮೇತ ಯಾರೂ ಸುಳ್ಳು ಹೇಳಲ್ಲ ಮೇಷ್ಟ್ರೇ."

"ಆ ಬಿರುಕು ನಾನೇ ಕೊರೆದಿದ್ದು," ಎಂದು ಡಾಕ್ಟರು ಯಂತ್ರ ತಂದು ತೋರಿಸಿದರು.

ಎಂಜಿನಿಯರು ಅವರ ಹೆಗಲ ಮೇಲೆ ಕೈಯಿಟ್ಟ. "ಮನೆ ಬಿಡಿ ಅಂದಾಗ ಎಲ್ರೂ ಹೀಗೇ ಅಂತಾರೆ ಯಜಮಾನ್ರೇ. ಕೆಳಗಿನ ಬೀದೀಲಿ ಒಬ್ರು, ಗೋಡೆ ನಾನೇ ಒದ್ದು ಬೀಳಿಸಿದ್ದು ಅಂದ್ರು. ಸಂಕಟ ನಂಗೆ ಅರ್ಥ ಆಗುತ್ತೆ."

ರೇಡಿಯೋ ಅಕ್ಕ ಬಾಗಿಲು ಹಾಕಿ ತೆಗೆದು, ತೆಗೆದು ಹಾಕಿ ತೋರಿಸಿದರು. ಅಂಥ ಅಲುಗಾಟ ಮಾಡಬೇಡಿ, ಮನೆ ಮೇಲೆ ಬಿದ್ದೀತು ಎಂದು ಪುರಸಭೆಯವರು ಆಕೆಯನ್ನು ಹೊರಗೆ ಕರೆತಂದರು. ಅಷ್ಟರಲ್ಲಿ ಬೀದಿಯ ಉಳಿದವರೂ ಹಾಸಿಗೆ, ಬಕೆಟ್ಟು ಹೊತ್ತು ಹೊರಗೆ ಬಂದು ನಿಂತಿದ್ದರು. ಈ ಗುಡ್ಡ ಜಾರುವ ಭೂಗೋಳವನ್ನು ನಿಮಗೆ ಹೇಳಿಕೊಟ್ಟವರು ಯಾರು ಎಂದು ಅವರು ಎಂಜಿನಿಯರನ್ನು ಕೇಳುವ ಮೊದಲೇ ಮೇಷ್ಟ್ರು ಒಳಗೆ ಹೋಗಿ ಸಾಮಾನು ಕಟ್ಟತೊಡಗಿದರು. ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

ಟ್ರಂಕಿಗೆ ಬೀಗ ಹಾಕುತ್ತಿರುವಾಗ ಫೋನು ಬಂತು. ಮನೆಯ ಮಾಲೀಕರು.

"ಮೇಷ್ಟ್ರೇ, ದಲ್ಲಾಳಿ ಎಲ್ಲ ಹೇಳಿದ. ಬಂದೋರು ಯಾರೂ ಒಪ್ಪಲಿಲ್ಲವಂತೆ. ಸರಿ, ಮಾರೋ ಯೋಚನೆಯನ್ನೇ ಬಿಟ್ಟೆ. ನೀವಿರೋತನಕ ಆ ಮನೆ ನಿಮ್ದೇ ಅಂತ ತಿಳ್ಕೊಳ್ಳಿ. ಬಾಡಿಗೆನೂ ಜಾಸ್ತಿ ಮಾಡಲ್ಲ. ನನ್ನದೊಂದೇ ಕೋರಿಕೆ, ನೀವು ಮಾತ್ರ ಬಿಟ್ಟು ಹೋಗ್ಬೇಡಿ."

ಹೊರಗೆ ಗೇಟಿಗೆ ಹಗ್ಗ ಕಟ್ಟುತ್ತಿದ್ದವನು, "ಬೇಗ ಬನ್ನಿ ಸಾರ್, ನೀವೊಬ್ರೇ ಬಾಕಿ," ಎಂದು ಕೂಗಿದ.

"ಆಗ್ಲಿ ಸಾರ್, ನಿಮ್ಮಿಷ್ಟ," ಎಂದು ಮೇಷ್ಟ್ರು ಮಾಲೀಕರಿಗೆ ಹೇಳಿ, ಫೋನು ಜೇಬಿಗಿಟ್ಟು, ಟ್ರಂಕಿನ ಒಂದು ಕಡೆ ಹಿಡಿದರು. ಇನ್ನೊಂದು ಕಡೆ ಹೆಂಡತಿ ಹಿಡಿದಳು.